ದೇವರ ಮಕ್ಕಳು ಆರನೇ ತರಗತಿಯಲ್ಲಿ: ಗ್ರೀಕ್ ಪುರಾಣ ಮಕ್ಕಳ ಸಾಹಸಕಥೆಯಾಗುವ ಬಗೆ

ಮುಟ್ಟಿದ್ದೆಲ್ಲ ಚಿನ್ನವಾಗಲಿ ಎಂದು ವರ ಬೇಡಿದ ಮಿಡಾಸ್ ರಾಜನ ಕಥೆ ಕೇಳಿದವರಿಗೆಲ್ಲ ನೆನಪಿರುವುದು ಒಂದೇ ದೃಶ್ಯ: ಓಡಿ ಬಂದ ಮಗಳನ್ನು ರಾಜ ಅಪ್ಪಿಕೊಂಡ, ಅವಳು ಚಿನ್ನದ ಗೊಂಬೆಯಾದಳು. ಇದು ಎರಡು ಸಾವಿರ ವರ್ಷಗಳಷ್ಟು ಹಳೆಯ ದೃಶ್ಯವೆಂದೇ ನಮ್ಮ ನಂಬಿಕೆ. ಆದರೆ ರೋಮನ್ ಕವಿ ಓವಿಡ್ ಕ್ರಿ.ಶ. 8ರ ಸುಮಾರಿಗೆ ಮುಗಿಸಿದ 'ಮೆಟಮಾರ್ಫೊಸಿಸ್' ಕಾವ್ಯದಲ್ಲಿ ಮಿಡಾಸನ ಮಗಳ ಸುದ್ದಿಯೇ ಇಲ್ಲ. ಅಲ್ಲಿ ಚಿನ್ನವಾಗುವುದು ಮರದ ರೆಂಬೆ, ಕಲ್ಲು, ಮಣ್ಣಿನ ಹೆಂಟೆ, ಸೇಬು. ಕೊನೆಗೆ ಬಾಯಿಗಿಟ್ಟ ರೊಟ್ಟಿ ಮತ್ತು ದ್ರಾಕ್ಷಾರಸ. ಹಸಿವು, ಬಾಯಾರಿಕೆ ತಾಳಲಾರದೆ ರಾಜ ದೇವರಿಗೆ ಶರಣಾಗುತ್ತಾನೆ. ಮಗಳನ್ನು ಕಥೆಯೊಳಗೆ ಕರೆತಂದವನು ಅಮೆರಿಕದ ಕಾದಂಬರಿಕಾರ ನಥೇನಿಯಲ್ ಹಾಥಾರ್ನ್. 1851ರಲ್ಲಿ ಮಕ್ಕಳಿಗಾಗಿ ಪ್ರಕಟಿಸಿದ 'ಎ ವಂಡರ್ ಬುಕ್' ಎಂಬ ಕಥಾಸಂಕಲನದಲ್ಲಿ ಅವಳಿಗೆ ಮೇರಿಗೋಲ್ಡ್ ಎಂಬ ಹೆಸರನ್ನೂ ಕೊಟ್ಟ.

ಇಂದು ಪುಸ್ತಕದಂಗಡಿಗಳ ಮಕ್ಕಳ ಕಪಾಟಿನಲ್ಲಿ ಸಾಲುಗಟ್ಟಿ ನಿಂತಿರುವ, ಗ್ರೀಕ್ ದೇವತೆಗಳು ಮತ್ತು ರಾಕ್ಷಸರಿಂದ ತುಂಬಿದ ದಪ್ಪ ಕಾದಂಬರಿಗಳೆಲ್ಲ ಮಾಡುತ್ತಿರುವುದು ಹಾಥಾರ್ನ್ ಮಾಡಿದ ಆ ಒಂದೇ ಕೆಲಸವನ್ನು. ಮಗುವಿಲ್ಲದ ಪುರಾಣದೊಳಗೆ ಒಂದು ಮಗುವನ್ನು ತಂದು ನಿಲ್ಲಿಸುವುದು. ಮಾಯಾಖಡ್ಗ, ರೆಕ್ಕೆಯ ಕುದುರೆ, ಭವಿಷ್ಯವಾಣಿ ಇವೆಲ್ಲ ಅದರ ಹಿಂದೆ ಬರುವ ಸಾಮಾನು ಸರಂಜಾಮು. ಮಗು ಒಳಗೆ ಬಂದ ಕೂಡಲೇ ದೇವತೆಗಳ ನಡತೆಯನ್ನು ಕೆಳಗಿನಿಂದ ಮೇಲೆ ನೋಡುವ ಒಂದು ಜೊತೆ ಕಣ್ಣು ಹುಟ್ಟುತ್ತದೆ, ಮತ್ತು ಹಳೆಯ ಕಥೆ ಮೊದಲಿನ ಹಾಗೆ ಉಳಿಯುವುದಿಲ್ಲ.

ಮಗುವಿಲ್ಲದ ಪುರಾಣ ಎಂದಾಗ ಯಾರಾದರೂ ಆಕ್ಷೇಪಿಸಬಹುದು. ಶಿಶುಗಳು ಬೇಕಾದಷ್ಟಿದ್ದಾರೆ, ನಿಜ. ಹೆರಕ್ಲೀಸ್ ತೊಟ್ಟಿಲಲ್ಲಿದ್ದಾಗಲೇ ಎರಡು ಹಾವುಗಳ ಕತ್ತು ಹಿಸುಕಿ ಕೊಲ್ಲುತ್ತಾನೆ. ಹರ್ಮೀಸ್ ಹುಟ್ಟಿದ ದಿನವೇ ಅಣ್ಣ ಅಪೊಲೊನ ದನಗಳನ್ನು ಕದ್ದು ಅಡಗಿಸುತ್ತಾನೆ. ಆದರೆ ಮುಂದಿನ ಸಲ ನಮಗೆ ಸಿಗುವಾಗ ಇವರೆಲ್ಲ ಬೆಳೆದು ನಿಂತವರು. ಎಂಟು, ಹತ್ತು, ಹನ್ನೆರಡರ ವಯಸ್ಸು ಕಥೆಯಿಂದ ಕಳಚಿಹೋಗಿರುತ್ತದೆ. ಅಖಿಲೀಸ್, ಜೇಸನ್ ಮೊದಲಾದವರು ಕೈರಾನ್ ಎಂಬ ಕುದುರೆಮೈಯ ಗುರುವಿನ ಬಳಿ ಬೆಳೆದರು ಎಂಬ ಮಾತು ಬರುತ್ತದೆ; ಆ ಗುರುಕುಲದಲ್ಲಿ ಏನು ಊಟ ಹಾಕುತ್ತಿದ್ದರು, ಯಾರು ಯಾರನ್ನು ಅಣಕಿಸುತ್ತಿದ್ದರು, ಯಾರಿಗೆ ರಾತ್ರಿ ಮನೆಯ ನೆನಪಾಗಿ ಅಳು ಬರುತ್ತಿತ್ತು ಎಂಬುದನ್ನು ವಿಸ್ತರಿಸಿ ಹೇಳಬೇಕೆಂದು ಹಳಬರಲ್ಲಿ ಹೆಚ್ಚಿನವರಿಗೆ ಅನಿಸಲಿಲ್ಲ. ಮಕ್ಕಳ ಕಾದಂಬರಿಕಾರ ಮನೆ ಕಟ್ಟುವುದು ಈ ಖಾಲಿ ನಿವೇಶನದಲ್ಲಿ.

ಹಾಥಾರ್ನ್ ಇನ್ನೂ ಎರಡು ಕಡೆ ಇದೇ ಉಪಾಯ ಮಾಡಿದ. ಅವನ ಕಥೆಯಲ್ಲಿ ಪಂಡೋರಾ, ಎಪಿಮೀಥಿಯಸ್ ಇಬ್ಬರೂ ಮಕ್ಕಳು. ಎಲ್ಲರೂ ಮಕ್ಕಳೇ ಆಗಿರುವ, ಅಪ್ಪ ಅಮ್ಮಂದಿರೇ ಇಲ್ಲದ ಲೋಕದಲ್ಲಿ ಆ ಹುಡುಗಿ ಲೋಕದ ಕೇಡುಗಳೆಲ್ಲ ತುಂಬಿದ ಪೆಟ್ಟಿಗೆಯ ಮುಚ್ಚಳ ತೆರೆಯುತ್ತಾಳೆ. ಗ್ರೀಕ್ ಕವಿ ಹೆಸಿಯಡ್ ಕ್ರಿ.ಪೂ. 700ರ ಸುಮಾರಿಗೆ ಹೇಳಿದ್ದು ಬೇರೆ: ಅವನ ಪಂಡೋರಾ ಗಂಡಸರನ್ನು ದಂಡಿಸಲೆಂದು ದೇವತೆಗಳು ರೂಪಿಸಿದ ಹೆಣ್ಣು, ಅವನ ದನಿಯಲ್ಲಿ ಹೆಂಗಸರ ಬಗ್ಗೆ ಬಚ್ಚಿಡದ ಕಹಿ ಇದೆ. 1853ರ ಎರಡನೆಯ ಸಂಕಲನದಲ್ಲಿ ಪಾತಾಳದ ಒಡೆಯ ಪ್ರೊಸರ್ಪಿನಾಳನ್ನು ಹೊತ್ತೊಯ್ಯುವ ಪ್ರಸಂಗವಿದೆ. ಮೂಲದಲ್ಲಿ ಅದು ಹೆಂಡತಿಯಾಗಿಸಿಕೊಳ್ಳಲು ಮಾಡಿದ ಅಪಹರಣ. ಹಾಥಾರ್ನನ ಕೈಯಲ್ಲಿ ಅವಳು ಪುಟ್ಟ ಹುಡುಗಿ. ಪಾತಾಳದ ಒಡೆಯನೋ, ತನ್ನ ಕತ್ತಲೆಯ ಅರಮನೆಯಲ್ಲಿ ನಗುವ ದನಿಯೊಂದು ಬೇಕೆಂದು ಹಂಬಲಿಸುವ ಒಂಟಿ ಮುದುಕನ ಹಾಗೆ. ಮೊದಲ ಸಂಕಲನದೊಳಗೇ ಒಬ್ಬ ಪಂಡಿತನ ಪಾತ್ರವಿದೆ. ಹಳೆಯ ಕಥೆಗಳನ್ನು ಹೀಗೆ ಕೆಡಿಸಬಹುದೇ ಎಂದು ಅವನು ಗದರುತ್ತಾನೆ. ಟೀಕೆ ಬರುತ್ತದೆಂದು ಗೊತ್ತಿದ್ದ ಲೇಖಕ ಟೀಕಾಕಾರನನ್ನೂ ತಾನೇ ಸೃಷ್ಟಿಸಿಟ್ಟ.

ಆ ಪಂಡಿತನಿಗೆ ಕೊಡಬಹುದಾದ ಉತ್ತರ ಸರಳ. ಗ್ರೀಕ್ ಪುರಾಣಕ್ಕೆ ಒಂದೇ ಒಂದು ಪ್ರಮಾಣಗ್ರಂಥ ಎಂದೂ ಇರಲಿಲ್ಲ. ಟ್ರಾಯ್ ಯುದ್ಧ ನಡೆದದ್ದೇ ಸುಂದರಿ ರಾಣಿ ಹೆಲೆನ್‌ಗಾಗಿ ಎಂದು ಮಹಾಕವಿ ಹೋಮರ್ ಹೇಳಿದರೆ, ನಾಟಕಕಾರ ಯೂರಿಪಿಡೀಸ್ ಕ್ರಿ.ಪೂ. 412ರ ನಾಟಕದಲ್ಲಿ ಹೆಲೆನ್ ಟ್ರಾಯ್‌ಗೆ ಹೋಗಲೇ ಇಲ್ಲ, ಹೋದದ್ದು ಅವಳ ಛಾಯೆ, ಅವಳು ಅಷ್ಟೂ ದಿನ ಈಜಿಪ್ಟಿನಲ್ಲಿದ್ದಳು ಎಂದ. ಅಥೆನ್ಸಿನ ಜನ ಅದನ್ನೂ ಕೂತು ನೋಡಿದರು. ಯಕ್ಷಗಾನದ ಪ್ರಸಂಗಕರ್ತ ವ್ಯಾಸಭಾರತದಲ್ಲಿಲ್ಲದ ಮಾತನ್ನು ಪಾತ್ರದ ಬಾಯಲ್ಲಿ ಹಾಕುವಷ್ಟೇ ಸಹಜವಾಗಿತ್ತು ಅದು.

ಹಾಥಾರ್ನ್ ಆದಮೇಲೆ ಸುಮಾರು ನೂರೈವತ್ತು ವರ್ಷ ನಡೆದದ್ದು ಹೆಚ್ಚಾಗಿ ಮರುಕಥನ. ಇಂಗ್ಲೆಂಡಿನ ಚಾರ್ಲ್ಸ್ ಕಿಂಗ್ಸ್ಲಿ 1856ರಲ್ಲಿ ಮೂವರು ವೀರರ ಕಥೆಗಳನ್ನು ತನ್ನ ಮಕ್ಕಳಿಗಾಗಿ ಬರೆದ. 1962ರಲ್ಲಿ ಡೋಲೇರ್ ದಂಪತಿ ಚಿತ್ರಗಳೊಡನೆ ತಂದ ದೊಡ್ಡ ಪುಸ್ತಕವನ್ನು ಅಮೆರಿಕದಲ್ಲಿ ತಲೆಮಾರುಗಳು ಓದಿಕೊಂಡು ಬೆಳೆದವು. ನಡುವೆ ಈಡಿತ್ ನೆಸ್ಬಿಟ್ 1907ರ ಒಂದು ಕಾದಂಬರಿಯಲ್ಲಿ ಇಂಗ್ಲಿಷ್ ತೋಟವೊಂದರ ಅಮೃತಶಿಲೆಯ ಗ್ರೀಕ್ ದೇವತೆಗಳಿಗೆ ರಾತ್ರಿ ಹೊತ್ತು ಜೀವ ಬರಿಸಿ, ಶಾಲೆಯ ರಜೆಗೆ ಬಂದ ಮಕ್ಕಳನ್ನು ಅವರ ಜೊತೆ ಕೂರಿಸಿದಳು. ಮಕ್ಕಳು ಪುರಾಣದ ಕಾಲಕ್ಕೆ ಹೋಗಬೇಕಾಗಿಲ್ಲ, ದೇವತೆಗಳೇ ನಮ್ಮ ಕಾಲಕ್ಕೆ ಬರಬಹುದು ಎಂಬುದಕ್ಕೆ ಇದೊಂದು ಮೊದಮೊದಲಿನ ನಿದರ್ಶನ. ಆದರೆ ಆ ದೇವತೆಗಳು ಬೆಳಗಾದರೆ ಮತ್ತೆ ಕಲ್ಲು. ಅವರು ಹಗಲಲ್ಲೂ ಉಳಿದುಕೊಂಡು, ಬಾಡಿಗೆ, ಟ್ರಾಫಿಕ್, ಪರೀಕ್ಷೆಗಳ ನಡುವೆ ಓಡಾಡುವುದನ್ನು ಕಾಣಲು 2005ರವರೆಗೆ ಕಾಯಬೇಕಾಯಿತು.

ಮಲಗುವ ಹೊತ್ತಿನ ಕಥೆ

ರಿಕ್ ರಿಯೋರ್ಡನ್ ಟೆಕ್ಸಸ್‌ನ ಸ್ಯಾನ್ ಆಂಟೊನಿಯೊ ನಗರದಲ್ಲಿ ಹುಟ್ಟಿದವರು. ಮಾಧ್ಯಮಿಕ ಶಾಲೆಯಲ್ಲಿ ಹದಿನೈದು ವರ್ಷ ಇಂಗ್ಲಿಷ್ ಮತ್ತು ಇತಿಹಾಸ ಪಾಠ ಮಾಡಿದ ಮೇಷ್ಟ್ರು. ಬಿಡುವಿನಲ್ಲಿ ದೊಡ್ಡವರಿಗಾಗಿ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದರು. ಅವರ ಮಗನಿಗೆ ಡಿಸ್ಲೆಕ್ಸಿಯಾ (ಓದು ಬರಹ ಕಷ್ಟವಾಗುವ ತೊಂದರೆ) ಮತ್ತು ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ ಚಂಚಲತೆ) ಇರುವುದು ತಿಳಿದುಬಂತು. ಓದುವುದೆಂದರೆ ಓಡುತ್ತಿದ್ದ ಆ ಹುಡುಗನಿಗೆ ಎರಡನೇ ತರಗತಿಯಲ್ಲಿ ಇಷ್ಟವಾದ ಒಂದೇ ವಿಷಯ ಗ್ರೀಕ್ ಪುರಾಣ. ರಾತ್ರಿ ಮಲಗುವಾಗ ಅಪ್ಪ ಆ ಕಥೆಗಳನ್ನು ಹೇಳುತ್ತಾ ಹೋದರು, ಕಥೆಗಳು ಮುಗಿದವು, ಹೊಸದು ಬೇಕೆಂದು ಮಗ ಹಟ ಹಿಡಿದ. ಆಗ ಹುಟ್ಟಿದವನು ಪರ್ಸಿ ಜಾಕ್ಸನ್: ನ್ಯೂಯಾರ್ಕಿನ ಹನ್ನೆರಡು ವರ್ಷದ ಹುಡುಗ, ಅಕ್ಷರಗಳು ಕಣ್ಣೆದುರು ಕುಣಿಯುತ್ತವೆ, ಕೂತಲ್ಲಿ ಕೂರಲಾಗುವುದಿಲ್ಲ, ಶಾಲೆಯಿಂದ ಶಾಲೆಗೆ ಹೊರದಬ್ಬಿಸಿಕೊಂಡವನು. ಅವನ ತಂದೆ ಸಮುದ್ರದೇವ ಪೊಸೈಡನ್.

ಮೊದಲ ಕಾದಂಬರಿ 'ದಿ ಲೈಟ್ನಿಂಗ್ ಥೀಫ್' 2005ರಲ್ಲಿ ಬಂತು. ವರ್ಷಕ್ಕೊಂದರಂತೆ 2009ರ ಹೊತ್ತಿಗೆ ಐದು ಸಂಪುಟಗಳ ಮೊದಲ ಸರಣಿ ಮುಗಿಯಿತು. 2010ರಿಂದ 2014ರವರೆಗೆ ರೋಮನ್ ದೇವತೆಗಳನ್ನೂ ಸೇರಿಸಿಕೊಂಡ ಇನ್ನೊಂದು ಐದು. ಆಮೇಲೆ ಅಪೊಲೊ ಶಾಪಗ್ರಸ್ತ ಹದಿಹರೆಯದ ಹುಡುಗನಾಗಿ ಭೂಮಿಗೆ ಬೀಳುವ ಸರಣಿ. ಈಜಿಪ್ಟ್ ಮತ್ತು ನಾರ್ಸ್ ಪುರಾಣಗಳ ಮೇಲೂ ಬೇರೆ ಸರಣಿಗಳಿವೆ. ಅವನ್ನೆಲ್ಲ ಎಣಿಸುತ್ತ ಕೂರುವ ಬದಲು ಮೊದಲನೆಯ ಪುಸ್ತಕ ಹೇಗೆ ಕೆಲಸ ಮಾಡುತ್ತದೆ ಎಂದು ಬಿಚ್ಚಿ ನೋಡುವುದು ಹೆಚ್ಚು ಲಾಭ. (ಕಥೆಯ ಗುಟ್ಟುಗಳು ಮುಂದೆ ಬಯಲಾಗುತ್ತವೆ. ಓದಬೇಕೆಂದಿರುವವರು ಇಲ್ಲಿಗೇ ನಿಲ್ಲಿಸಿ, ಪುಸ್ತಕ ಮುಗಿಸಿ ಬನ್ನಿ.)

ಪರ್ಸಿ ಎಂಬುದು ಪರ್ಸಿಯಸ್‌ನ ಮುದ್ದುಹೆಸರು. ಮೂಲ ಪರ್ಸಿಯಸ್‌ನ ಕಥೆ ಹೀಗಿದೆ. ಮೊಮ್ಮಗನಿಂದ ನಿನಗೆ ಸಾವು ಎಂಬ ದೈವವಾಣಿ ಕೇಳಿದ ಆರ್ಗೋಸ್‌ನ ರಾಜ ಅಕ್ರಿಸಿಯಸ್, ಮಗಳು ಡಾನಾಯೆಯನ್ನು ಕಂಚಿನ ಕೋಣೆಯಲ್ಲಿ ಕೂಡಿಹಾಕುತ್ತಾನೆ. ಕಂಸನ ನೆನಪಾಗದೆ ಇರದು. ದೇವರಾಜ ಝ್ಯೂಸ್ ಹೊನ್ನಿನ ಮಳೆಯಾಗಿ ಒಳಗಿಳಿಯುತ್ತಾನೆ, ಪರ್ಸಿಯಸ್ ಹುಟ್ಟುತ್ತಾನೆ. ತಾಯಿ, ಮಗು ಇಬ್ಬರನ್ನೂ ಮರದ ಪೆಟ್ಟಿಗೆಯಲ್ಲಿಟ್ಟು ಸಮುದ್ರಕ್ಕೆ ಬಿಡುತ್ತಾರೆ. ಪೆಟ್ಟಿಗೆ ಸೆರಿಫೋಸ್ ದ್ವೀಪ ಸೇರುತ್ತದೆ. ಅಲ್ಲಿನ ರಾಜ ಪಾಲಿಡೆಕ್ಟಿಸ್ ಡಾನಾಯೆಯ ಬೆನ್ನು ಬೀಳುತ್ತಾನೆ. ಅಡ್ಡಿಯಾದ ಮಗನನ್ನು ತೊಲಗಿಸಲೆಂದೇ, ನೋಡಿದವರನ್ನು ಕಲ್ಲಾಗಿಸುವ ಮೆಡೂಸಾಳ ತಲೆ ತರಲು ಕಳುಹಿಸುತ್ತಾನೆ. ಪರ್ಸಿಯಸ್ ತಲೆಯೊಂದಿಗೆ ಮರಳಿ ಬಂದು ಆ ರಾಜನನ್ನೇ ಕಲ್ಲು ಮಾಡಿ ತಾಯಿಯನ್ನು ಬಿಡಿಸಿಕೊಳ್ಳುತ್ತಾನೆ.

ಈಗ ಕಾದಂಬರಿ ನೋಡಿ. ಪರ್ಸಿಯ ತಾಯಿ ಸ್ಯಾಲಿ ಮಿಠಾಯಿ ಅಂಗಡಿಯಲ್ಲಿ ದುಡಿಯುವ ಹೆಂಗಸು. ಗಂಡ ಗೇಬ್ ಇಸ್ಪೀಟಾಡುತ್ತ, ಬಿಯರ್ ಕುಡಿಯುತ್ತ, ಅವಳ ದುಡಿಮೆಯಲ್ಲಿ ಬದುಕುವ ದುಷ್ಟ. ಸಾಹಸದ ನಡುವೆ ಪರ್ಸಿ ಮೆಡೂಸಾಳ ತಲೆ ಕತ್ತರಿಸುತ್ತಾನೆ. ಕೊನೆಯಲ್ಲಿ ಮನೆಗೆ ಬಂದಾಗ, ಗೇಬ್ ಅಮ್ಮನಿಗೆ ಹೊಡೆಯುತ್ತಿದ್ದಾನೆಂದು ಅವನಿಗೆ ಅರ್ಥವಾಗುತ್ತದೆ. ತಲೆಯಿರುವ ಪೆಟ್ಟಿಗೆ ಕೈಯಲ್ಲಿದೆ. ಪುರಾಣ ಹೇಳುವ ಪ್ರಕಾರ ಮಗನೇ ಮುಚ್ಚಳ ತೆರೆಯಬೇಕು. ಅವನು ತೆರೆಯುವುದಿಲ್ಲ. ಪೆಟ್ಟಿಗೆಯನ್ನು ಅಮ್ಮನ ಬಳಿ ಬಿಟ್ಟು ಹೋಗುತ್ತಾನೆ. ಮುಂದೆ ಗೇಬ್ ಕಾಣೆಯಾದ ಸುದ್ದಿ ಬರುತ್ತದೆ. ಇಸ್ಪೀಟಾಡುವವನೊಬ್ಬನ ಜೀವಂತವೆನಿಸುವ ಕಲ್ಲಿನ ಶಿಲ್ಪವನ್ನು ಸ್ಯಾಲಿ ಒಳ್ಳೆಯ ಬೆಲೆಗೆ ಮಾರಿ, ಬೇರೆ ಮನೆ ಹಿಡಿದು, ಕಾಲೇಜಿಗೆ ಶುಲ್ಕ ಕಟ್ಟುತ್ತಾಳೆ.

ನನ್ನ ದೃಷ್ಟಿಯಲ್ಲಿ ಇಡೀ ಸರಣಿಯ ಅತ್ಯಂತ ಜಾಣ ತಿರುವು ಇದು. ಪುರಾಣದ ಪ್ರತಿಯೊಂದು ಅಂಗವೂ ಇದೆ: ತಾಯಿಯನ್ನು ಪೀಡಿಸುವ ಗಂಡಸು, ದೂರ ಹೋಗಿ ಬಂದ ಮಗ, ಹಾವುಗೂದಲ ತಲೆ, ಕಲ್ಲಾಗುವ ಅಪರಾಧಿ. ಬದಲಾದದ್ದು ಮುಚ್ಚಳ ತೆರೆಯುವ ಕೈ ಮಾತ್ರ. ಮೂಲದಲ್ಲಿ ಡಾನಾಯೆ ಪೆಟ್ಟಿಗೆಯಲ್ಲಿ ತೇಲುವ, ಕಾಯುವ, ಬಿಡಿಸಿಕೊಳ್ಳಲ್ಪಡುವ ಹೆಣ್ಣು. ಇಲ್ಲಿ ಅವಳೇ ನಿರ್ಧರಿಸುತ್ತಾಳೆ. ಕಥೆಯನ್ನು ಮಕ್ಕಳಿಗೆಂದು ಮೆದು ಮಾಡುವ ನೆಪದಲ್ಲಿ ಸಪ್ಪೆ ಮಾಡುವವರಿದ್ದಾರೆ. ಇದು ಹಾಗಲ್ಲ, ಮೂಲಕ್ಕಿಂತ ಹರಿತ.

ಇಂಥ ಅನುವರ್ತನೆಯ ಗುಟ್ಟು ಪಾತ್ರದ ವೇಷ ಬದಲಿಸುವುದರಲ್ಲಿ ಇಲ್ಲ. ಹಳೆಯ ಕಥೆಯಲ್ಲಿ ಅದು ಮಾಡುತ್ತಿದ್ದ ಕೆಲಸವನ್ನು ಇಂದಿನ ಯಾವ ವಸ್ತು ಮಾಡಬಲ್ಲದು ಎಂದು ಹುಡುಕುವುದರಲ್ಲಿದೆ. ಹೋಮರನ 'ಒಡಿಸ್ಸಿ'ಯ ಒಂಬತ್ತನೆಯ ಭಾಗದಲ್ಲಿ ನಾವಿಕರು ಕಮಲದ ಹಣ್ಣು ತಿಂದು ಮನೆಯ ದಾರಿಯನ್ನೇ ಮರೆಯುತ್ತಾರೆ. ಇಂದಿನ ಹುಡುಗ ಹೊತ್ತು ಹೋದದ್ದು ತಿಳಿಯದೆ ಎಲ್ಲಿ ಮುಳುಗುತ್ತಾನೆ? ಲಾಸ್ ವೇಗಸ್‌ನ ಲೋಟಸ್ ಹೋಟೆಲಿನಲ್ಲಿ, ಮುಗಿಯದ ವೀಡಿಯೊ ಆಟಗಳ ನಡುವೆ. ಕೆಲವು ಗಂಟೆಗಳೆಂದುಕೊಂಡು ಹೊರಬಂದಾಗ ಐದು ದಿನ ಕಳೆದಿರುತ್ತವೆ. ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿ ಸೆರ್ಬೆರಸ್‌ಗೆ ರೋಮನ್ ಕವಿ ವರ್ಜಿಲ್‌ನ ಕಾವ್ಯದಲ್ಲಿ ಜೇನು ಬೆರೆಸಿದ ಮತ್ತಿನ ತಿನಿಸು ಎಸೆಯುತ್ತಾರೆ. ಕಾದಂಬರಿಯಲ್ಲಿ ಜ್ಞಾನದೇವತೆ ಅಥೀನಾಳ ಮಗಳು ಆ್ಯನಬೆತ್ ಕೆಂಪು ರಬ್ಬರ್ ಚೆಂಡು ಎಸೆದು ಆಟವಾಡಿಸುತ್ತಾಳೆ. ಎರಡನೆಯ ಸಂಪುಟದಲ್ಲಿ ಒಕ್ಕಣ್ಣ ರಾಕ್ಷಸನ ಸೆರೆ ಸಿಕ್ಕ, ಮೇಕೆಗಾಲಿನ ಗೆಳೆಯ ಗ್ರೋವರ್ ಮದುವೆಯ ಉಡುಪು ತೊಟ್ಟು, ಹಗಲು ನೇಯ್ದದ್ದನ್ನು ರಾತ್ರಿ ಬಿಚ್ಚುತ್ತ ಮದುವೆಯನ್ನು ಮುಂದೂಡುತ್ತಾನೆ. ಗಂಡನಿಗಾಗಿ ಕಾಯುತ್ತಿದ್ದ ಪೆನೆಲೊಪಿಯ ಹಳೆಯ ತಂತ್ರ, ಈಗ ಒಬ್ಬ ಹುಡುಗನ ಪಾಲಿಗೆ.

ಕನ್ನಡಕ್ಕೂ ಗ್ರೀಕ್ ಕಥೆಯ ಈ ಬಗೆಯ ಸ್ಥಾನಪಲ್ಲಟ ಹೊಸದೇನಲ್ಲ. ಬಿ.ಎಂ. ಶ್ರೀಕಂಠಯ್ಯನವರು ಸೊಫೊಕ್ಲಿಸನ 'ಏಜಾಕ್ಸ್' ನಾಟಕವನ್ನು ಎತ್ತಿಕೊಂಡು, ನಾಯಕನ ಜಾಗದಲ್ಲಿ ಮಹಾಭಾರತದ ಅಶ್ವತ್ಥಾಮನನ್ನು ನಿಲ್ಲಿಸಿ 'ಅಶ್ವತ್ಥಾಮನ್' ಬರೆದರು. ಅವಮಾನದಿಂದ ಕುದಿಯುವ ಯೋಧನ ಜಾಗಕ್ಕೆ ನಮ್ಮಲ್ಲಿ ಯಾರು ಸರಿಹೊಂದುತ್ತಾರೆ ಎಂಬ ಅವರ ಲೆಕ್ಕಾಚಾರವೂ ಇದೇ ಜಾತಿಯದು. ಓದುಗರು ಮಾತ್ರ ದೊಡ್ಡವರು.

ಹಳೆಯ ಕಥೆ ಗೊತ್ತಿರುವ ಮಗುವಿಗೆ ಇದರಲ್ಲೊಂದು ವಿಶೇಷ ಸುಖವಿದೆ. ನ್ಯೂಜೆರ್ಸಿಯ ರಸ್ತೆ ಬದಿ ಅಂಗಡಿ, ಅಂಗಳದ ತುಂಬ ಭಯಗೊಂಡ ಮುಖದ ಕಲ್ಲಿನ ಬೊಂಬೆಗಳು, ಮುಸುಕು ಹಾಕಿದ ಒಡತಿ 'ಎಮ್ ಚಿಕ್ಕಮ್ಮ'. ಪರ್ಸಿ ಹಸಿದಿದ್ದಾನೆ, ಬರ್ಗರ್ ತಿನ್ನುತ್ತಾನೆ, ಏನೂ ಹೊಳೆಯುವುದಿಲ್ಲ. ಓದುವ ಮಗುವಿಗೆ ಆಗಲೇ ಹೊಳೆದಿರುತ್ತದೆ. ಪುಟದಾಚೆಗೆ ಕೂಗಿ ಎಚ್ಚರಿಸಬೇಕೆನಿಸುತ್ತದೆ. ಕಥೆ ಗೊತ್ತಿಲ್ಲದವನು ಪರ್ಸಿಯ ಜೊತೆಗೇ ಬೆಚ್ಚಿಬೀಳುತ್ತಾನೆ ಮತ್ತು ಮುಂದಿನ ಬಾರಿ ಮೋಸ ಹೋಗಬಾರದೆಂದು ಪುರಾಣ ಹುಡುಕಿಕೊಂಡು ಹೋಗುತ್ತಾನೆ. ಮೇಷ್ಟ್ರು ಕೆಲಸದ ಹದಿನೈದು ವರ್ಷ ಹೀಗೆ ಬಳಕೆಗೆ ಬಂದಿವೆ ಎಂದು ನನ್ನ ಊಹೆ.

ನಿಯಮಗಳಿಲ್ಲದೆ ಮಾಯೆ ನಡೆಯದು

ದೇವತೆಗಳನ್ನು ಇಂದಿನ ನಗರಕ್ಕೆ ತಂದ ಲೇಖಕನಿಗೆ ಕೂಡಲೇ ಎದುರಾಗುವ ಪ್ರಶ್ನೆಗಳನ್ನು ಹತ್ತು ವರ್ಷದ ಓದುಗ ಬಿಡುವುದಿಲ್ಲ. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಆರುನೂರನೆಯ ಮಹಡಿಯಲ್ಲಿ ದೇವತೆಗಳ ಬೀಡು ಒಲಿಂಪಸ್ ಇದ್ದರೆ ಜನರಿಗೇಕೆ ಕಾಣುವುದಿಲ್ಲ? ಉತ್ತರ, ಮಂಜು. ಮಾಂತ್ರಿಕ ಮಂಜೊಂದು ಸಾಮಾನ್ಯರ ಕಣ್ಣಿಗೆ ರಾಕ್ಷಸನನ್ನು ನಾಯಿಯಾಗಿ, ಖಡ್ಗವನ್ನು ದೊಣ್ಣೆಯಾಗಿ ತೋರಿಸುತ್ತದೆ. ಇದು ಪೂರ್ತಿ ಕಟ್ಟುಕಥೆಯೂ ಅಲ್ಲ. ಹೋಮರನಲ್ಲಿ ಅಪರಿಚಿತ ನಗರದೊಳಗೆ ನಡೆದುಹೋಗುವ ಒಡಿಸ್ಸಿಯಸ್‌ನನ್ನು ಯಾರೂ ಕಾಣದಂತೆ ಅಥೀನಾ ಮಂಜು ಮುಸುಕುತ್ತಾಳೆ. ಕವಿ ಒಮ್ಮೊಮ್ಮೆ ಬಳಸಿದ್ದನ್ನು ಕಾದಂಬರಿಕಾರ ಕಾಯಂ ವ್ಯವಸ್ಥೆ ಮಾಡಿದ.

ಸತ್ತ ರಾಕ್ಷಸರು ಮತ್ತೆ ಹೇಗೆ ಬರುತ್ತಾರೆ? ಅವರು ಸಾಯುವುದಿಲ್ಲ, ಧೂಳಾಗಿ ಪಾತಾಳಕ್ಕಿಳಿದು ಎಂದೋ ಒಂದು ದಿನ ಮತ್ತೆ ಮೈ ಪಡೆಯುತ್ತಾರೆ. ಈ ನಿಯಮದ ಹಿಂದೆ ಇನ್ನೊಂದು ಅನುಕೂಲ ಅಡಗಿದೆ: ಹನ್ನೆರಡು ವರ್ಷದ ಹುಡುಗನ ಕೈಗೆ ಖಡ್ಗ ಕೊಟ್ಟರೂ ನೆತ್ತರು ಹರಿಯುವುದಿಲ್ಲ, ಹೆಣ ಬೀಳುವುದಿಲ್ಲ.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ, ಸರ್ವಶಕ್ತ ಅಪ್ಪ ಮಗನಿಗೆ ಸಹಾಯ ಏಕೆ ಮಾಡಬಾರದು? ಇಲ್ಲಿ ಕಾದಂಬರಿ ಹೋಮರನಿಗೆ ನೇರ ವಿರುದ್ಧ ದಿಕ್ಕಿನಲ್ಲಿ ನಡೆಯುತ್ತದೆ. 'ಇಲಿಯಡ್'ನಲ್ಲಿ ದೇವತೆಗಳು ರಣರಂಗಕ್ಕೇ ಇಳಿದು, ಬೇಕಾದವರನ್ನು ಎತ್ತಿಕೊಂಡು ಹೋಗಿ, ಬೇಡದವರ ಈಟಿ ತಪ್ಪಿಸುತ್ತಾರೆ. ರಿಯೋರ್ಡನ್ ಅವರ ಲೋಕದಲ್ಲಿ ಪ್ರಾಚೀನ ಕಟ್ಟಳೆಗಳು ಅವರ ಕೈ ಕಟ್ಟಿವೆ: ಒಬ್ಬ ದೇವರು ಇನ್ನೊಬ್ಬನ ಸೀಮೆಗೆ ಕರೆಯದೆ ಹೋಗುವಂತಿಲ್ಲ, ಇನ್ನೊಬ್ಬನ ಆಯುಧವನ್ನು ತಾನೇ ಕಸಿಯುವಂತಿಲ್ಲ. ವೀರರಿಗೆ ಆ ತಡೆಗಳಿಲ್ಲ. ಆದ್ದರಿಂದ ದೇವರ ಕೆಲಸಕ್ಕೆ ಮಕ್ಕಳು ಬೇಕು. ಮಕ್ಕಳ ಸಾಹಸಕಥೆ ಬರೆಯುವ ಯಾರೇ ಆದರೂ ಮೊದಲು ಅಪ್ಪ ಅಮ್ಮಂದಿರನ್ನು ದಾರಿಯಿಂದ ಸರಿಸಲೇಬೇಕು. ಅವರಿದ್ದರೆ ಮಗುವನ್ನು ಊಟಕ್ಕೆ ಕರೆದುಬಿಡುತ್ತಾರೆ, ಕಥೆ ಅಲ್ಲಿಗೆ ಮುಗಿಯುತ್ತದೆ. ಅದಕ್ಕೇ ಅಷ್ಟೊಂದು ಕಥೆಗಳ ನಾಯಕರು ಅನಾಥರು. ಇಲ್ಲಿ ಅಪ್ಪ ಬದುಕಿದ್ದಾನೆ, ಅಮರ, ವಿಳಾಸವೂ ಗೊತ್ತು, ಆದರೆ ಬರುವುದಿಲ್ಲ. ಬೇರೆಯಾದ ದಂಪತಿಗಳ ಮಕ್ಕಳು, ಒಬ್ಬರೇ ಸಾಕುವ ಮನೆಯ ಮಕ್ಕಳು ಓದಿದಾಗ ಇದು ಎಲ್ಲಿಗೆ ತಾಗುತ್ತದೆಂದು ವಿವರಿಸಬೇಕಾಗಿಲ್ಲ.

ಪರ್ಸಿಯ ಡಿಸ್ಲೆಕ್ಸಿಯಾಕ್ಕೆ ಕಾದಂಬರಿ ಕೊಡುವ ಕಾರಣ, ಅವನ ಮೆದುಳು ಪ್ರಾಚೀನ ಗ್ರೀಕ್ ಓದಲೆಂದು ರಚಿತವಾಗಿದೆ ಎಂಬುದು. ಚಂಚಲತೆ ಎಂದು ಶಾಲೆ ಹೆಸರಿಟ್ಟದ್ದು ರಣರಂಗದಲ್ಲಿ ಪ್ರಾಣ ಉಳಿಸುವ ಚುರುಕು. ವೈದ್ಯಶಾಸ್ತ್ರಕ್ಕೂ ಇದಕ್ಕೂ ಸಂಬಂಧವಿಲ್ಲ, ಇದು ಕಲ್ಪನೆ. ಆದರೆ ಓದಲು ಒದ್ದಾಡುವ ಹುಡುಗನೇ ಓದಬೇಕಾದ ಪುಸ್ತಕದ ನಾಯಕನಾದದ್ದು ಕಡಿಮೆ ಮಾತಲ್ಲ. ಇಡೀ ಕಥೆ ಅವನ ಬಾಯಲ್ಲೇ, ಸ್ವಲ್ಪ ಉಡಾಫೆಯ ದನಿಯಲ್ಲಿ ಬರುತ್ತದೆ. ಮೊದಲ ಅಧ್ಯಾಯದ ತಲೆಬರಹದಲ್ಲೇ ಗಣಿತದ ಮೇಡಂ ಆವಿಯಾಗಿಹೋದ ಸುದ್ದಿಯಿದೆ. ಹೋಮರನ ಗಾಂಭೀರ್ಯ ಹುಡುಕಿದವರಿಗೆ ಇದು ಹಗುರವೆನಿಸಬಹುದು. ಸರಣಿ ಬೆಳೆದಂತೆ ಈ ತಮಾಷೆ ಒಂದೇ ಪಾಕದ್ದಾಗುತ್ತದೆ ಎಂಬುದೂ ನಿಜ.

ನನಗೆ ಒಪ್ಪಿಗೆಯಾಗದ ನಿಯಮವೊಂದಿದೆ. ಒಲಿಂಪಸ್ ಗ್ರೀಸ್‌ನಿಂದ ಅಮೆರಿಕಕ್ಕೆ ಹೇಗೆ ಬಂತು ಎಂಬುದಕ್ಕೆ, ಕಾದಂಬರಿಯಲ್ಲೂ ಗುರುವಾಗಿ ಬರುವ ಕೈರಾನ್ ಹೇಳುವ ಕಾರಣ: ದೇವತೆಗಳು ಪಾಶ್ಚಾತ್ಯ ನಾಗರಿಕತೆಯ ಜ್ವಾಲೆ ಎಲ್ಲಿ ಉಜ್ವಲವೋ ಅಲ್ಲಿರುತ್ತಾರೆ, ಗ್ರೀಸ್, ರೋಮ್, ಆಮೇಲೆ ಯುರೋಪಿನ ರಾಜ್ಯಗಳು, ಈಗ ಅಮೆರಿಕ. ಕಥೆಗೆ ಅನುಕೂಲವಾದ ಉತ್ತರ, ಇತಿಹಾಸಕ್ಕೆ ಬಡ ಉತ್ತರ. ಗ್ರೀಕರ ಗ್ರಂಥಗಳು ಬಾಗ್ದಾದಿನಲ್ಲಿ ಅರಬ್ಬಿಗೆ ತಿರುಗಿದವು. ಗಾಂಧಾರ ಶೈಲಿಯ ಶಿಲ್ಪಿಗಳು ಬುದ್ಧನ ಪಕ್ಕದ ವಜ್ರಪಾಣಿಯನ್ನು ಹೆರಕ್ಲೀಸನ ಮೈಕಟ್ಟಿನಲ್ಲಿ, ಸಿಂಹದ ಚರ್ಮ ಹೊದಿಸಿ ಕಡೆದರು. ಮಧ್ಯಪ್ರದೇಶದ ವಿದಿಶಾ ಬಳಿ ಹೆಲಿಯೊಡೋರಸ್ ಎಂಬ ಗ್ರೀಕ್ ರಾಯಭಾರಿ ಕ್ರಿ.ಪೂ. ಎರಡನೆಯ ಶತಮಾನದಲ್ಲಿ ವಾಸುದೇವನಿಗೆ ನಿಲ್ಲಿಸಿದ ಗರುಡಗಂಬ ಇಂದಿಗೂ ಇದೆ. ಪೂರ್ವಕ್ಕೂ ಬಂದ ದಾರಿಯೊಂದಿತ್ತು. ಕಾದಂಬರಿಗೆ ಅದು ಕಾಣುವುದಿಲ್ಲ.

ಮಕ್ಕಳಿಗೆ ಹೇಳಲಾಗದ್ದು

ಗ್ರೀಕ್ ಪುರಾಣದಿಂದ ಅತ್ಯಾಚಾರ, ಸ್ವಂತ ಮಕ್ಕಳ ಕೊಲೆ, ನರಮಾಂಸಭಕ್ಷಣೆಗಳನ್ನು ತೆಗೆದರೆ ಉಳಿಯುವುದು ತೆಳು ಪುಸ್ತಕ. ಹೆರಕ್ಲೀಸ್ ಹನ್ನೆರಡು ಸಾಹಸ ಮಾಡುವುದು ಹುಚ್ಚಿನಲ್ಲಿ ತನ್ನ ಮಕ್ಕಳನ್ನೇ ಕೊಂದ ಪಾಪಕ್ಕೆ ಪ್ರಾಯಶ್ಚಿತ್ತವಾಗಿ ಎಂಬುದು ಹಳೆಯ ಹೇಳಿಕೆಗಳಲ್ಲೊಂದು. ಮಕ್ಕಳ ಆವೃತ್ತಿಗಳಲ್ಲಿ ಸಾಹಸಗಳಿರುತ್ತವೆ, ಕಾರಣ ಮಾಯ. ಮೆಡೂಸಾಳ ವಿಷಯ ಇನ್ನೂ ಸಿಕ್ಕು. ಹೆಸಿಯಡ್ ಪ್ರಕಾರ ಪೊಸೈಡನ್ ಅವಳೊಡನೆ ಹೂಬಯಲಲ್ಲಿ ಕೂಡಿದ. ಓವಿಡ್ ಪ್ರಕಾರ ದೇವತೆಯ ಗುಡಿಯಲ್ಲಿ ಅವಳ ಮೇಲೆ ಬಲಾತ್ಕಾರ ನಡೆಯಿತು, ದೇವತೆ ಶಪಿಸಿದ್ದು ಬಲಿಯಾದವಳನ್ನು. ರಿಯೋರ್ಡನ್ ತಮ್ಮ ಪುಸ್ತಕದಲ್ಲಿ ಇಬ್ಬರನ್ನೂ ಪ್ರಣಯಿಗಳನ್ನಾಗಿಸಿ ಸುಲಭದ ದಾರಿ ಹಿಡಿದರು. 2023ರ ಡಿಸೆಂಬರಿನಲ್ಲಿ ಆರಂಭವಾದ ಡಿಸ್ನಿ ಪ್ಲಸ್ ಧಾರಾವಾಹಿಯಲ್ಲಿ, ಅವರೇ ಕೈಜೋಡಿಸಿ ಮಾಡಿದ ರೂಪಾಂತರದಲ್ಲಿ, ಅದೇ ಮೆಡೂಸಾ ತನ್ನ ಪಾಡು ತಾನೇ ಹೇಳಿಕೊಳ್ಳುವ, ಅನುಕಂಪ ಹುಟ್ಟಿಸುವ ಹೆಂಗಸು. ಹದಿನೆಂಟು ವರ್ಷಗಳಲ್ಲಿ ಮಕ್ಕಳಿಗೆ ಏನು ಹೇಳಬಹುದು ಎಂಬ ಗೆರೆ ಎಷ್ಟು ಸರಿದಿದೆ ನೋಡಿ.

ಗೆರೆ ಸರಿಯದ ಒಂದು ವಿಷಯ ವಯಸ್ಸು. 2010ರ ಚಲನಚಿತ್ರ ಪರ್ಸಿಯನ್ನು ಹದಿಹರೆಯದ ನಡುವಿಗೆ ಒಯ್ದಿತು. ಬೆಳೆದ ಹುಡುಗನಿದ್ದರೆ ಹೆಚ್ಚು ಪ್ರೇಕ್ಷಕರು ಬರುತ್ತಾರೆಂಬ ಲೆಕ್ಕವಿರಬಹುದು. ಆದರೆ ಇಡೀ ಸರಣಿ ನಿಂತಿರುವುದು ಒಂದು ಭವಿಷ್ಯವಾಣಿಯ ಮೇಲೆ: ಹಿರಿಯ ದೇವರೊಬ್ಬನ ಮಗು ಹದಿನಾರು ತುಂಬುವ ಹೊತ್ತಿಗೆ ಒಲಿಂಪಸ್‌ನ ಅಳಿವು ಉಳಿವು ತೀರ್ಮಾನವಾಗುತ್ತದೆ. ಹನ್ನೆರಡರಲ್ಲಿ ಆರಂಭವಾದರೆ ನಾಲ್ಕು ವರ್ಷದ ಭಯವಿದೆ. ಆರಂಭವೇ ತಡವಾದರೆ ಏನೂ ಇಲ್ಲ. ಧಾರಾವಾಹಿ ಮತ್ತೆ ಹನ್ನೆರಡಕ್ಕೆ ಮರಳಿತು.

ಸರಣಿಯ ಹೃದಯವಿರುವುದು ನನಗೆ ಕಂಡಂತೆ ಲಾಂಗ್ ಐಲೆಂಡ್‌ನಲ್ಲಿ ದೇವರ ಮಕ್ಕಳಿಗಾಗಿ ಇರುವ ಶಿಬಿರದ ಹನ್ನೊಂದನೆಯ ಕೊಠಡಿಯಲ್ಲಿ. ಶಿಬಿರದಲ್ಲಿ ಒಬ್ಬೊಬ್ಬ ದೇವರ ಮಕ್ಕಳಿಗೂ ಒಂದೊಂದು ವಸತಿ. ಹನ್ನೊಂದನೆಯದು ಪಯಣಿಗರ ದೇವರಾದ ಹರ್ಮೀಸ್‌ನದು; ಅವನು ಯಾರನ್ನೂ ಹೊರಗಿಡುವುದಿಲ್ಲ. ಹಾಗಾಗಿ ಯಾವ ದೇವರೂ ತನ್ನದೆಂದು ಒಪ್ಪಿಕೊಳ್ಳದ ಮಕ್ಕಳೆಲ್ಲ ಅಲ್ಲಿ ನೆಲದ ಮೇಲೆ ಚೀಲ ಹಾಸಿ ಮಲಗುತ್ತಾರೆ. ಕೆಲವರು ವರ್ಷಗಟ್ಟಲೆ ಕಾಯುತ್ತಾರೆ. ಆ ಕೊಠಡಿಯ ಹಿರಿಯ ಹುಡುಗ ಲ್ಯೂಕ್‌ಗೆ ತಂದೆ ಯಾರೆಂದು ಗೊತ್ತು, ತಂದೆಗೆ ಅವನ ಕಡೆ ತಿರುಗಿ ನೋಡಲು ಬಿಡುವಿಲ್ಲ. ಸ್ವಂತ ಮಕ್ಕಳನ್ನೇ ನುಂಗಿದ, ದೇವತೆಗಳ ವೈರಿ ಕ್ರೋನಸ್‌ನ ಪಕ್ಷಕ್ಕೆ ಲ್ಯೂಕ್ ಸೇರುವುದು ಈ ಗಾಯದಿಂದ. ಕನ್ನಡದ ಓದುಗನಿಗೆ ಅವನ ಗುರುತು ಹತ್ತಲು ಹೊತ್ತು ಬೇಕಾಗದು. ಸೂರ್ಯನ ಮಗನಾಗಿದ್ದೂ ತುಂಬಿದ ಸಭೆಯಲ್ಲಿ ಕುಲ ಕೇಳಿಸಿಕೊಂಡ ಕರ್ಣ ನಮ್ಮ ಕಾವ್ಯಕ್ಕೆ ಪಂಪನ ಕಾಲದಿಂದಲೂ ಬಹಳ ಹತ್ತಿರದವನು.

ಐದನೆಯ ಸಂಪುಟದ ಕೊನೆಯಲ್ಲಿ ದೇವತೆಗಳು ಪರ್ಸಿಗೆ ಅಮರತ್ವ ಕೊಡಲು ಬರುತ್ತಾರೆ. ಅವನು ಬೇಡವೆನ್ನುತ್ತಾನೆ. ಬದಲಿಗೆ ಪಾತಾಳದ ಸ್ಟಿಕ್ಸ್ ನದಿಯ ಮೇಲೆ ಆಣೆ ಮಾಡಿಸುತ್ತಾನೆ: ಇನ್ನು ಮುಂದೆ ಹದಿಮೂರು ತುಂಬುವುದರೊಳಗೆ ಪ್ರತಿಯೊಂದು ಮಗುವನ್ನೂ ಅದರ ತಂದೆಯೋ ತಾಯಿಯೋ ತನ್ನದೆಂದು ಒಪ್ಪಿಕೊಳ್ಳಬೇಕು, ಸಣ್ಣಪುಟ್ಟ ದೇವತೆಗಳ ಮಕ್ಕಳಿಗೂ ಶಿಬಿರದಲ್ಲಿ ವಸತಿ ಇರಬೇಕು. ಹೋಮರನ ವೀರರು ಕೇಳುತ್ತಿದ್ದದ್ದು ಕೀರ್ತಿ. ಇವನು ಕೇಳುವುದು ಪಾಲಕರ ಜವಾಬ್ದಾರಿ. ಹೆಸಿಯಡ್ ಹೇಳುವಂತೆ ಸ್ಟಿಕ್ಸ್‌ನ ಆಣೆ ಮುರಿದ ದೇವರು ಒಂದು ವರ್ಷ ಉಸಿರಿಲ್ಲದೆ ಬಿದ್ದಿರಬೇಕು, ಮುಂದಿನ ಒಂಬತ್ತು ವರ್ಷ ದೇವಸಭೆಯಿಂದ ದೂರವಿರಬೇಕು. ಹುಡುಗ ಕಾನೂನು ಗೊತ್ತಿದ್ದೇ ಕೇಳಿದ.

ಪಾಂಡವರು ಅಟ್ಲಾಂಟದಲ್ಲಿ

ರಿಯೋರ್ಡನ್ ತಮ್ಮ ಹೆಸರಿನಲ್ಲಿ ಆರಂಭವಾದ ಪ್ರಕಾಶನ ಮಾಲಿಕೆಯಲ್ಲಿ ಬೇರೆ ಬೇರೆ ಸಂಸ್ಕೃತಿಗಳ ಲೇಖಕರು ತಂತಮ್ಮ ಪುರಾಣ ಬರೆಯಲು ಅವಕಾಶ ಮಾಡಿಕೊಟ್ಟರು. 2018ರಲ್ಲಿ ಬಂದ ಅದರ ಮೊದಲ ಪುಸ್ತಕವೇ ಮಹಾಭಾರತದ್ದು: ರೋಶನಿ ಚೋಕ್ಷಿ ಅವರ 'ಆರು ಶಾ ಆ್ಯಂಡ್ ದಿ ಎಂಡ್ ಆಫ್ ಟೈಮ್'. ಅಟ್ಲಾಂಟದ ವಸ್ತುಸಂಗ್ರಹಾಲಯದಲ್ಲಿ ಬೆಳೆಯುವ ಹನ್ನೆರಡರ ಹುಡುಗಿ ಆರು, ಹಚ್ಚಬಾರದ ದೀಪ ಹಚ್ಚಿ ಅನಾಹುತ ತರುತ್ತಾಳೆ. ಆಮೇಲೆ ಅವಳ ಒಳಗಿರುವುದು ಪಾಂಡವನೊಬ್ಬನ ಆತ್ಮವೆಂದು ತಿಳಿಯುತ್ತದೆ. 2022ಕ್ಕೆ ಐದು ಸಂಪುಟಗಳಲ್ಲಿ ಕಥೆ ಮುಗಿದಿದೆ.

ಗ್ರೀಕ್ ಅಚ್ಚನ್ನು ಭಾರತದ ಕಥೆಗೆ ಹಾಗೇ ಒತ್ತಲು ಬರುವುದಿಲ್ಲ ಎಂಬುದು ಇಲ್ಲಿ ಚೆನ್ನಾಗಿ ಕಾಣುತ್ತದೆ. ಪಾಂಡವರು ಮೊದಲೇ ದೇವರ ಮಕ್ಕಳು, ಆ ಮಟ್ಟಿಗೆ ಕೆಲಸ ಹಗುರ. ಆದರೆ ಝ್ಯೂಸ್‌ನ ಹಾಗೆ ಇಂದ್ರ ಇಂದಿಗೂ ಭೂಮಿಯ ಹೆಂಗಸರ ಹಿಂದೆ ಓಡಾಡುತ್ತಿದ್ದಾನೆಂದು ಬರೆದರೆ? ಝ್ಯೂಸ್‌ಗೆ ಇಂದು ಭಕ್ತರು ತೀರಾ ವಿರಳ. ನಮ್ಮ ದೇವತೆಗಳಿಗೆ ದಿನವೂ ಮಂಗಳಾರತಿ ನಡೆಯುತ್ತದೆ. ಚೋಕ್ಷಿ ಪುನರ್ಜನ್ಮದ ದಾರಿ ಹಿಡಿದರು: ಇಂದ್ರ, ಯಮಧರ್ಮ ಈ ಆರು ಮತ್ತು ಅವಳ ಗೆಳತಿಯ ಆತ್ಮಕ್ಕೆ ತಂದೆಯರು, ದೇಹಕ್ಕಲ್ಲ. ಗ್ರೀಕ್ ಕಾದಂಬರಿಯ ಕೇಂದ್ರದಲ್ಲಿದ್ದ ಮುಜುಗರ ಹೀಗೆ ಕರಗುತ್ತದೆ, ಜೊತೆಗೆ ತಂದೆಯ ಮೇಲಿನ ಆ ಸುಡುವ ಸಿಟ್ಟೂ ಸ್ವಲ್ಪ ತಣಿಯುತ್ತದೆ. ಹಾಸ್ಯ ಮಾತ್ರ ಧಾರಾಳವಾಗಿದೆ, ಇರಲಿ. ಹರಿದಾಸರು ನಿಂದಾಸ್ತುತಿಯಲ್ಲಿ ಹರಿಯನ್ನೇ ಬಾಯಿಗೆ ಬಂದಂತೆ ಬೈದಿದ್ದಾರೆ. ದೇವರೊಡನೆ ಸಲಿಗೆ ನಮ್ಮಲ್ಲಿ ಅಪರಾಧವಾಗಿರಲಿಲ್ಲ.

ಮನೆಯ ಮಗುವಿಗೆ ಇವನ್ನು ಕೊಡಬೇಕೆಂದಿರುವವರು ಒಂಬತ್ತು ಹತ್ತರ ವಯಸ್ಸಿಗೆ ಶುರುಮಾಡಬಹುದು. ಅದಕ್ಕೂ ಮೊದಲು ಪರ್ಸಿಯಸ್, ಚಕ್ರವ್ಯೂಹದ ಥೀಸಿಯಸ್, ಒಡಿಸ್ಸಿಯಸ್‌ನ ಅಲೆದಾಟ ಈ ಮೂರು ಕಥೆಗಳನ್ನು ಬಾಯಲ್ಲಿ ಹೇಳಿ. ಎಮ್ ಚಿಕ್ಕಮ್ಮನ ಅಂಗಡಿಯ ಮಜಾ ಆಗ ಇಮ್ಮಡಿಸುತ್ತದೆ. ಸಂಪುಟಗಳನ್ನು ಕ್ರಮ ತಪ್ಪಿಸಿ ಓದಿದರೆ ಕೆಡುತ್ತವೆ. ಝ್ಯೂಸ್‌ಗೆ ಎಷ್ಟು ಜನ ಹೆಂಡತಿಯರು ಎಂಬ ಪ್ರಶ್ನೆ ಎರಡನೆಯ ದಿನವೇ ಬರುತ್ತದೆ. ಅದಕ್ಕೆ ಪುಸ್ತಕ ನುಣುಚಿಕೊಳ್ಳುತ್ತದೆ, ಉತ್ತರ ನೀವೇ ಕೊಡಬೇಕು.